ಕೆನಡಾದಲ್ಲಿ ನೆಲೆಸಿರುವವರು ಪತಿ ಅಥವಾ ಪತ್ನಿಯನ್ನು ಪಿಆರ್ ಮೇಲೆ ಕರೆಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೆನಡಾದ ಪೌರರನ್ನಾಗಲಿ, ಪಿಆರ್ ಪಡೆದ ಕಾಯಂ ನಿವಾಸಿಗಳನ್ನಾಗಲಿ ಮದುವೆಯಾದ ಮಾತ್ರಕ್ಕೆ ಆ ದೇಶದಲ್ಲಿ ನೆಲೆಸುವ ಹಕ್ಕು ಬರುವುದಿಲ್ಲ. ಕೆನಡಾದಲ್ಲಿರುವವರು ಪ್ರಾಯೋಜಕರಾಗಿ ನಿಂತು, ತಮ್ಮ ಅರ್ಜಿಯ ಜೊತೆಗೇ ಸಂಗಾತಿಯ ಪಿಆರ್ ಅರ್ಜಿಯನ್ನೂ ಸಲ್ಲಿಸಿ, ಅಲ್ಲಿನ ವಲಸೆ ಇಲಾಖೆಯಾದ ಐಆರ್‌ಸಿಸಿಗೆ ಎರಡು ಸಂಗತಿಗಳನ್ನು ಮನವರಿಕೆ ಮಾಡಿಕೊಡಬೇಕಾಗುತ್ತದೆ. ಪ್ರಾಯೋಜಿಸಲು ತಾವು ಅರ್ಹರು ಎಂಬುದು ಮೊದಲನೆಯದು. ಈ ಮದುವೆ ನಿಜವಾದದ್ದು, ವಲಸೆಗಾಗಿ ಹೂಡಿದ್ದಲ್ಲ ಎಂಬುದು ಎರಡನೆಯದು. ಮೊದಲನೆಯದನ್ನು ದಾಖಲೆಗಳು ತಾವೇ ಸಾಬೀತುಪಡಿಸುತ್ತವೆ. ಎರಡನೆಯದಕ್ಕೆ ಮಾತ್ರ ದಂಪತಿಯ ಶ್ರಮ ಬೇಕು, ಏಕೆಂದರೆ ಕಡತವನ್ನು ಓದುವ ಅಧಿಕಾರಿ ನಿಮ್ಮನ್ನು ಕಂಡವರಲ್ಲ, ನಮ್ಮ ಕಡೆಯ ಮದುವೆಯ ರೀತಿ ರಿವಾಜುಗಳನ್ನು ಬಲ್ಲವರೂ ಆಗಿರಬೇಕೆಂದಿಲ್ಲ. ನಿಜವಾದ ದಾಂಪತ್ಯವೂ ಅನುಮಾನಕ್ಕೆ ಒಳಗಾಗುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಒಂದು ಕಾಗದದಲ್ಲಿರುವ ದಿನಾಂಕ, ಹೆಸರು ಅಥವಾ ವಿವರ ಇನ್ನೊಂದು ಕಾಗದದೊಂದಿಗೆ ತಾಳೆಯಾಗುವುದಿಲ್ಲ, ಹಾಗೆ ಏಕಾಯಿತೆಂದು ಯಾರೂ ವಿವರಿಸಿರುವುದಿಲ್ಲ.

ಪ್ರಾಯೋಜಕರ ಅರ್ಹತೆ

ಪ್ರಾಯೋಜಕರಿಗೆ 18 ವರ್ಷ ತುಂಬಿರಬೇಕು. ಪೌರರಾದವರು ಭಾರತದಲ್ಲಿದ್ದುಕೊಂಡೂ ಪ್ರಾಯೋಜಿಸಬಹುದು. ಆದರೆ ಸಂಗಾತಿಗೆ ಪಿಆರ್ ದೊರೆತಾಗ ತಾವೂ ಕೆನಡಾಕ್ಕೆ ಬಂದು ನೆಲೆಸುವುದಾಗಿ ಆಧಾರಸಹಿತ ತೋರಿಸಬೇಕು. ಬರೀ ಪಿಆರ್ ಇರುವವರಿಗೆ ಈ ಅನುಕೂಲವಿಲ್ಲ, ಅವರು ಕೆನಡಾದಲ್ಲೇ ವಾಸವಿರಬೇಕು. ಮದುವೆಗೆಂದು, ಹಬ್ಬಕ್ಕೆಂದು ಕೆಲವು ವಾರ ಊರಿಗೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ. ಕೆಲಸ ಬಿಟ್ಟು, ಬಾಡಿಗೆ ಮನೆ ಖಾಲಿ ಮಾಡಿ ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಕುಳಿತರೆ ಅರ್ಹತೆಯೇ ಪ್ರಶ್ನೆಗೆ ಒಳಗಾಗುತ್ತದೆ.

ಹಲವರು ಹೆದರುವ ಆದಾಯದ ವಿಷಯದಲ್ಲಿ ಅಷ್ಟು ಆತಂಕ ಬೇಡ. ತಂದೆ ತಾಯಿಯನ್ನು ಕರೆಸಿಕೊಳ್ಳುವಾಗ ಇರುವಂತಹ ಕನಿಷ್ಠ ಆದಾಯದ ಮಿತಿ ಸಂಗಾತಿಯ ವಿಷಯದಲ್ಲಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೂ ಸಂಗಾತಿಯ ಜೀವನಾಧಾರವನ್ನು ನೋಡಿಕೊಳ್ಳುವ ಶಕ್ತಿ ಇದೆಯೆಂದು ತೋರಿಸಲು ಕೆಲಸದ ಪತ್ರವನ್ನೂ ತೆರಿಗೆ ಇಲಾಖೆ ಕಳುಹಿಸುವ ನೋಟಿಸ್ ಆಫ್ ಅಸೆಸ್‌ಮೆಂಟನ್ನೂ ಇಡಬೇಕು. ಅಂಗವೈಕಲ್ಯದ ಕಾರಣಕ್ಕಲ್ಲದೆ ಸರ್ಕಾರದ ಸೋಷಿಯಲ್ ಅಸಿಸ್ಟೆನ್ಸ್ ಪಡೆಯುತ್ತಿರುವವರು, ದಿವಾಳಿತನದಿಂದ ಇನ್ನೂ ಬಿಡುಗಡೆಯಾಗದವರು, ಹಿಂದಿನ ಸಂಗಾತಿಗೋ ಮಕ್ಕಳಿಗೋ ಕೊಡಬೇಕಾದ ಜೀವನಾಂಶವನ್ನು ಬಾಕಿ ಉಳಿಸಿಕೊಂಡವರು, ಹಿಂಸೆ ಅಥವಾ ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾದವರು ಪ್ರಾಯೋಜಿಸುವಂತಿಲ್ಲ. ತಾವೇ ಸಂಗಾತಿಯ ಪ್ರಾಯೋಜನೆಯ ಮೇಲೆ ಬಂದವರು ಪಿಆರ್ ಪಡೆದು 5 ವರ್ಷ ಆಗುವವರೆಗೆ ಇನ್ನೊಬ್ಬ ಸಂಗಾತಿಯನ್ನು ಕರೆಸಿಕೊಳ್ಳಲಾಗದು. 2012ರಲ್ಲಿ ಬಂದ ಈ ನಿಯಮ ಮರುಮದುವೆಯಾದವರಿಗೆ ಬಹಳ ಸಲ ಗೊತ್ತೇ ಇರುವುದಿಲ್ಲ.

ಇವೆಲ್ಲಕ್ಕಿಂತ ಘೋರವಾದ ತೊಡಕು ಇನ್ನೊಂದಿದೆ. ಕುಶಲ ಕೆಲಸಗಾರರು ಪಿಆರ್‌ಗೆ ಅರ್ಜಿ ಹಾಕುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಅವಿವಾಹಿತನೆಂದು ಅರ್ಜಿ ಹಾಕಿದ ಯುವಕನಿಗೆ ಪಿಆರ್ ಕೈಗೆ ಬರುವಷ್ಟರಲ್ಲಿ ಊರಿನಲ್ಲಿ ಮದುವೆ ನಡೆದುಹೋಗುತ್ತದೆ. ಈಗ ಹೇಳಿದರೆ ಕಡತ ತಡವಾದೀತೆಂದು ಸುಮ್ಮನಿದ್ದು, ವಿಮಾನ ಹತ್ತಿ, ಆಮೇಲೆ ಹೆಂಡತಿಯನ್ನು ಪ್ರಾಯೋಜಿಸಿದರಾಯಿತು ಎಂದುಕೊಳ್ಳುತ್ತಾನೆ. ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ನಿಯಮಗಳ 117(9)(ಡಿ) ಪ್ರಕಾರ, ಪ್ರಾಯೋಜಕರು ಪಿಆರ್ ಆಗುವಾಗ ಘೋಷಿಸದ, ಹಾಗಾಗಿ ಇಲಾಖೆಯ ಪರಿಶೀಲನೆಗೆ ಒಳಪಡದ ಸಂಗಾತಿಯನ್ನು ಮುಂದೆ ಕುಟುಂಬ ವರ್ಗದಲ್ಲಿ ಸೇರಿಸಲಾಗುವುದಿಲ್ಲ. ಆಗ ಉಳಿಯುವುದು ಕೆನಡಾದ ವಲಸೆ ಕಾಯ್ದೆಯ 25ನೇ ಕಲಮಿನಡಿ ಮಾನವೀಯ ನೆಲೆಯ ವಿನಂತಿಯಂಥ ಅನಿಶ್ಚಿತ ದಾರಿಗಳು. ಅದರ ಮೇಲೆ, ಸುಳ್ಳು ಹೇಳಿ ಪಿಆರ್ ಪಡೆದ ಆರೋಪವೂ ಬೆನ್ನು ಹತ್ತಬಹುದು. ಆದ್ದರಿಂದ ಪಿಆರ್ ಕೈಸೇರುವ ಮೊದಲು ಮದುವೆಯಾದವರು ತಿಂಗಳುಗಟ್ಟಲೆ ತಡವಾದರೂ ಸರಿ, ಪ್ರಯಾಣ ನಿಲ್ಲಿಸಿ ಇಲಾಖೆಗೆ ತಿಳಿಸಲೇಬೇಕು.

ಇಲ್ಲಿ ನಮ್ಮವರು ಎಡವುವುದು "ಇನ್ನೂ ರಿಜಿಸ್ಟರ್ ಮಾಡಿಸಿಲ್ಲವಲ್ಲ" ಎಂಬ ಮಾತಿನಿಂದ. 1955ರ ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರೋಕ್ತವಾಗಿ ವಿಧಿಗಳು ನಡೆದರೆ ಮದುವೆ ಆದಂತೆಯೇ; ನೋಂದಣಿ ಆಗದಿರುವುದರಿಂದ ಅದರ ಸಿಂಧುತ್ವಕ್ಕೆ ಕುಂದಿಲ್ಲ. ಧಾರೆ ಎರೆದು ಸಪ್ತಪದಿ ತುಳಿದ ಮರುದಿನ "ಅವಿವಾಹಿತ" ಎಂದು ಬರೆದುಕೊಟ್ಟರೆ ಅದು ಸುಳ್ಳು ಹೇಳಿಕೆ. ನಿಶ್ಚಿತಾರ್ಥದ ವಿಷಯ ಬೇರೆ: ಅದು ಮದುವೆಯಲ್ಲ, ಬರೀ ನಿಶ್ಚಿತಾರ್ಥದ ಮೇಲೆ ಪ್ರಾಯೋಜಿಸುವ ವರ್ಗ ಈಗ ಕೆನಡಾದಲ್ಲಿಲ್ಲ.

ಮದುವೆಯ ದಿನಾಂಕ ಮತ್ತು ನೋಂದಣಿ

ವೀಸಾ ಬೇಗ ಆಗಲೆಂದು ಮೊದಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಛತ್ರ ಸಿಕ್ಕ ಮೇಲೆ ಆರು ತಿಂಗಳು ಬಿಟ್ಟು ಅದ್ದೂರಿಯಾಗಿ ಮದುವೆ ಮಾಡುವ ಪದ್ಧತಿ ಈಚೆಗೆ ಸಾಮಾನ್ಯವಾಗಿದೆ. ಅಧಿಕಾರಿಯ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಎಂದು ಯೋಚಿಸಿ. ಪ್ರಮಾಣಪತ್ರದಲ್ಲಿ ಫೆಬ್ರುವರಿಯ ದಿನಾಂಕ, ಲಗ್ನಪತ್ರಿಕೆಯಲ್ಲಿ ಆಗಸ್ಟ್, ಮಾಂಗಲ್ಯಧಾರಣೆಯ ಫೋಟೋಗಳೆಲ್ಲ ಆಗಸ್ಟ್‌ನವು. ಫೆಬ್ರುವರಿಯಿಂದ ಆಗಸ್ಟ್‌ವರೆಗೆ ಹುಡುಗಿ ತವರಿನಲ್ಲೇ ಇದ್ದಾಳೆ. ವಿವರಣೆಯಿಲ್ಲದಿದ್ದರೆ ಇದು ಕಾಗದಕ್ಕಾಗಿ ಮಾಡಿಕೊಂಡ ಮದುವೆಯೆಂಬ ಅನುಮಾನ ಹುಟ್ಟುವುದು ಸಹಜ.

ಇನ್ನೊಂದು ಸೂಕ್ಷ್ಮವೂ ಇದೆ. ಹಿಂದೂ ವಿವಾಹ ಕಾಯ್ದೆಯ ನೋಂದಣಿಯೆಂದರೆ ಈಗಾಗಲೇ ವಿಧಿಪೂರ್ವಕ ನಡೆದ ಮದುವೆಯನ್ನು ದಾಖಲಿಸುವುದು; ವಿಧಿಗಳೇ ನಡೆಯದೆ ನೋಂದಣಿ ಮಾಡಿಸಿದರೆ ಆ ದಾಖಲೆಯ ಬುಡವೇ ಅಲುಗಾಡುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಡಿಯಾದರೆ 30 ದಿನಗಳ ನೋಟಿಸಿನ ನಂತರ ವಿವಾಹಾಧಿಕಾರಿಯ ಎದುರು ನಡೆಯುವುದೇ ಮದುವೆ. ಆದಕಾರಣ ಮೊದಲು ಕಾನೂನಿನ ಮದುವೆ, ಆಮೇಲೆ ಶಾಸ್ತ್ರದ ಮದುವೆ ಎಂದು ತೀರ್ಮಾನಿಸಿದವರು ವಿಶೇಷ ವಿವಾಹ ಕಾಯ್ದೆಯನ್ನೇ ಆರಿಸಿಕೊಂಡು, ಎರಡೂ ದಿನಾಂಕಗಳನ್ನು ಅರ್ಜಿಯಲ್ಲಿ ಬಿಚ್ಚಿಟ್ಟು, ಏಕೆ ಹೀಗೆ ಮಾಡಿದೆವೆಂದು ಒಂದು ಪುಟದಲ್ಲಿ ಬರೆಯುವುದು ಒಳ್ಳೆಯದು. ಸಾಧ್ಯವಿದ್ದರೆ ಮದುವೆ ಮುಗಿದ ವಾರದಲ್ಲೇ ನೋಂದಣಿ ಮಾಡಿಸುವುದು ಎಲ್ಲಕ್ಕಿಂತ ಮೇಲು.

ವಧೂವರರಲ್ಲಿ ಒಬ್ಬರು ಖುದ್ದಾಗಿ ಹಾಜರಿಲ್ಲದೆ ಫೋನು, ಅಂತರ್ಜಾಲ ಅಥವಾ ಪ್ರತಿನಿಧಿಯ ಮೂಲಕ ನಡೆದ ಮದುವೆಯನ್ನು ಕೆನಡಾ 2015ರಿಂದ ವಲಸೆಯ ಉದ್ದೇಶಕ್ಕೆ ಒಪ್ಪುವುದಿಲ್ಲ. ವಿಚ್ಛೇದಿತರು ಇನ್ನೊಂದನ್ನು ಗಮನಿಸಬೇಕು: ಕೆನಡಾದ ವಿಚ್ಛೇದನ ಸಾಮಾನ್ಯವಾಗಿ ತೀರ್ಪಿನ 31ನೇ ದಿನ ಜಾರಿಗೆ ಬರುತ್ತದೆ, ಅದಕ್ಕೆ ಮೊದಲೇ ಊರಿಗೆ ಬಂದು ಮರುಮದುವೆಯಾದರೆ ಆ ಮದುವೆ ಸಿಂಧುವಲ್ಲ. ಭಾರತದ ತೀರ್ಪಾದರೆ ಮೇಲ್ಮನವಿಯ ಅವಧಿ ಮುಗಿದಿರಬೇಕು. ಊರ ಹಿರಿಯರ ಮುಂದೆ ಬರೆದುಕೊಂಡ ಬಿಡುಗಡೆ ಪತ್ರವನ್ನು ನೆಚ್ಚಿಕೊಳ್ಳಬೇಡಿ. ನ್ಯಾಯಾಲಯದ ಡಿಕ್ರಿಯನ್ನೇ ಕಡತಕ್ಕೆ ಸೇರಿಸಿ.

ಒಳಗಿನಿಂದಲೋ ಹೊರಗಿನಿಂದಲೋ

ಅರ್ಜಿಗೆ ಎರಡು ದಾರಿಗಳಿವೆ. ಸಂಗಾತಿ ಭಾರತದಲ್ಲಿದ್ದರೆ ಕುಟುಂಬ ವರ್ಗ, ಅಂದರೆ ಔಟ್‌ಲ್ಯಾಂಡ್. ಇಬ್ಬರೂ ಕೆನಡಾದಲ್ಲಿ ಒಟ್ಟಿಗೆ ವಾಸವಾಗಿದ್ದರೆ ಇನ್‌ಲ್ಯಾಂಡ್ ಹಾಕಬಹುದು; ಆದರೆ ಕೆನಡಾದಲ್ಲಿದ್ದುಕೊಂಡೇ ಔಟ್‌ಲ್ಯಾಂಡ್ ಹಾಕುವುದಕ್ಕೂ ಅವಕಾಶವಿದೆ. ಆಯ್ಕೆ ಇರುವವರಿಗೆ ನಾನು ಔಟ್‌ಲ್ಯಾಂಡನ್ನೇ ಹೇಳುತ್ತೇನೆ. ಅದು ತಿರಸ್ಕೃತವಾದರೆ ಪ್ರಾಯೋಜಕರು 30 ದಿನಗಳೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಿ ಹೊಸ ಸಾಕ್ಷ್ಯಗಳನ್ನೂ ಇಟ್ಟು ವಾದಿಸಬಹುದು. ಇನ್‌ಲ್ಯಾಂಡ್ ಅರ್ಜಿಗೆ ಈ ಮೇಲ್ಮನವಿಯಿಲ್ಲ, ಫೆಡರಲ್ ಕೋರ್ಟಿನ ನ್ಯಾಯಿಕ ಪರಾಮರ್ಶೆಯಷ್ಟೇ ಗತಿ. ಇನ್‌ಲ್ಯಾಂಡ್ ನಡೆಯುತ್ತಿರುವಾಗ ತುರ್ತಿಗೆ ಊರಿಗೆ ಹೋದ ಸಂಗಾತಿಗೆ ಮರಳಿ ಪ್ರವೇಶ ಸಿಗದಿದ್ದರೆ ಅರ್ಜಿಯೇ ಬಿದ್ದುಹೋಗಬಹುದು. ಕೆನಡಾದಲ್ಲಿ ಪ್ರಾಯೋಜಕರೊಂದಿಗೆ ಕಾನೂನುಬದ್ಧವಾಗಿರುವ ಅರ್ಜಿದಾರರಿಗೆ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾರ ಬಳಿಯಾದರೂ ಕೆಲಸ ಮಾಡುವ ಪರವಾನಗಿ, ಕೇಳುವ ಅವಕಾಶ 2023ರಿಂದ ಔಟ್‌ಲ್ಯಾಂಡ್‌ಗೂ ದೊರೆತಿರುವುದರಿಂದ, ಹಿಂದೆ ಜನ ಇನ್‌ಲ್ಯಾಂಡ್ ಹಾಕುತ್ತಿದ್ದ ಮುಖ್ಯ ಕಾರಣವೂ ಈಗ ದುರ್ಬಲವಾಗಿದೆ.

ಪಿಆರ್ ಅರ್ಜಿ ಬಾಕಿಯಿರುವಾಗ ವಿಸಿಟರ್ ವೀಸಾ ಕೇಳಬಾರದೆಂಬ ಮಾತು ತಪ್ಪು. ಮುಂದೆ ಕಾಯಂ ಆಗಿ ನೆಲೆಸುವ ಇಚ್ಛೆ ಇದ್ದ ಮಾತ್ರಕ್ಕೆ, ಅವಧಿ ಮುಗಿದಾಗ ಹಿಂದಿರುಗುವವರಿಗೆ ತಾತ್ಕಾಲಿಕ ವೀಸಾ ನಿರಾಕರಿಸಬೇಕಾಗಿಲ್ಲವೆಂದು ಕೆನಡಾದ ವಲಸೆ ಕಾಯ್ದೆಯ 22(2) ಕಲಮು ಹೇಳುತ್ತದೆ. ಪಿಆರ್ ಅರ್ಜಿಯ ವಿಷಯವನ್ನು ವೀಸಾ ಅರ್ಜಿಯಲ್ಲಿ ಮುಚ್ಚಿಡದಿರುವುದು ಮುಖ್ಯ. ಕ್ವಿಬೆಕ್‌ನಲ್ಲಿರುವವರು ಸಂಗಾತಿಯ ಜೀವನಾಧಾರದ ಹೊಣೆ ಹೊರುವ ಪ್ರತ್ಯೇಕ ಹೊಣೆಪತ್ರವನ್ನು ಆ ಪ್ರಾಂತ್ಯದ ಸರ್ಕಾರದ ಮುಂದೆ ಸಲ್ಲಿಸಬೇಕಾಗುತ್ತದೆ.

ಹೆಸರು, ದಾಖಲೆ, ಅನುವಾದ

ಕನ್ನಡಿಗರ ಹೆಸರುಗಳ ರಚನೆಯೇ ಪಾಶ್ಚಾತ್ಯ ನಮೂನೆಗಳಿಗೆ ಒಗ್ಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಸುಮಾ ಕೆ. ಎನ್.", ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ "ಸುಮಾ ಕಡೂರು ನಾಗರಾಜ್", ಆಧಾರ್‌ನಲ್ಲಿ ಬರೀ "ಸುಮಾ", ವಿವಾಹ ಪ್ರಮಾಣಪತ್ರದಲ್ಲಿ ಗಂಡನ ಹೆಸರು ಸೇರಿದ ನಾಲ್ಕನೆಯ ರೂಪ: ಇಂಥವು ನಮ್ಮಲ್ಲಿ ಸರ್ವೇಸಾಮಾನ್ಯ. ಅರ್ಜಿಯಲ್ಲಿ ಎಲ್ಲ ಕಡೆಯೂ ಪಾಸ್‌ಪೋರ್ಟಿನ ರೂಪವನ್ನೇ ಬಳಸಿ, ಉಳಿದ ರೂಪಗಳನ್ನು "ಬೇರೆ ಹೆಸರುಗಳು" ಕೇಳುವ ಜಾಗದಲ್ಲಿ ಒಂದನ್ನೂ ಬಿಡದೆ ಬರೆಯಿರಿ. ಇವೆಲ್ಲ ಒಬ್ಬರದೇ ಎಂಬ ನೋಟರಿ ಅಫಿಡವಿಟ್ಟನ್ನೂ ಸೇರಿಸಿ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿಯಿದ್ದರೆ, ಇರುವ ಪೂರ್ಣ ಹೆಸರನ್ನು ಅರ್ಜಿಯ ಕುಟುಂಬದ ಹೆಸರಿನ ಜಾಗದಲ್ಲಿ ಬರೆದು, ಮೊದಲ ಹೆಸರಿನ ಜಾಗವನ್ನು ಖಾಲಿ ಬಿಡಬೇಕು. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸುವುದಿದ್ದರೆ ಅರ್ಜಿ ಹಾಕುವ ಮೊದಲೇ ಮುಗಿಸಿ, ಇಲ್ಲವೇ ಪಿಆರ್ ಬರುವವರೆಗೆ ಮುಟ್ಟಬೇಡಿ.

ಕನ್ನಡದಲ್ಲಿರುವ ಪ್ರತಿಯೊಂದು ದಾಖಲೆಗೂ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ, ಅನುವಾದಕರ ಅಫಿಡವಿಟ್ ಮತ್ತು ಮೂಲದ ಪ್ರತಿ ಬೇಕು. ಇಂಗ್ಲಿಷ್ ಬಲ್ಲ ಅಣ್ಣನೋ ಅತ್ತಿಗೆಯೋ ಮಾಡಿದ ಅನುವಾದ ನಡೆಯದು, ಮನೆಯವರಿಗೆ ಅದಕ್ಕೆ ಅವಕಾಶವಿಲ್ಲ. ಲಗ್ನಪತ್ರಿಕೆ ಬರೀ ಕನ್ನಡದಲ್ಲಿದ್ದರೆ ಅದನ್ನೂ ಅನುವಾದಿಸಿ. ಎರಡೂ ಮನೆಯ ಹಿರಿಯರ ಹೆಸರು, ಮುಹೂರ್ತ, ಸ್ಥಳ ಅಲ್ಲೇ ಅಚ್ಚಾಗಿರುವುದರಿಂದ ಅದರಷ್ಟು ಸೊಗಸಾದ ಸಾಕ್ಷ್ಯ ಇನ್ನೊಂದು ಸಿಗುವುದು ಕಷ್ಟ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು, ಅಂದರೆ ಪಿಸಿಸಿಯನ್ನು, ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಪಡೆಯಬೇಕು. ಈಗ ವಾಸವಿರುವ ದೇಶದ ಪಿಸಿಸಿ ಅರ್ಜಿಯ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು. ಕಳೆದ 10 ವರ್ಷಗಳಲ್ಲಿ, 18 ತುಂಬಿದ ಮೇಲೆ, ಸತತ 6 ತಿಂಗಳು ಅಥವಾ ಹೆಚ್ಚು ಕಾಲ ಇದ್ದ ಬೇರೆ ದೇಶಗಳದ್ದೂ ಬೇಕಾಗುವುದರಿಂದ, ದುಬೈ, ಕುವೈತ್, ಕತಾರ್‌ಗಳಲ್ಲಿ ದುಡಿದ ಕರಾವಳಿಯವರು ಈ ಕೆಲಸವನ್ನು ಮೊದಲೇ ಶುರು ಮಾಡಬೇಕು. ಆ ದೇಶ ಬಿಟ್ಟು ಬಂದ ಮೇಲೆ ಪತ್ರ ತರಿಸುವುದು ನಿಧಾನದ ಕೆಲಸ.

ದಾಂಪತ್ಯದ ಸಾಕ್ಷ್ಯ

ಇಡೀ ಕಡತದ ಹೃದಯ ಐಎಂಎಂ 5532 ಎಂಬ ನಮೂನೆ. ಮೊದಲ ಭೇಟಿ ಎಲ್ಲಿ, ಪರಿಚಯಿಸಿದವರು ಯಾರು, ಮದುವೆಗೆ ಯಾರು ಬಂದಿದ್ದರು, ಮನೆಯವರು ಬಾರದಿದ್ದರೆ ಏಕೆ, ದೂರವಿದ್ದಾಗ ಹೇಗೆ ಮಾತನಾಡುತ್ತೀರಿ ಎಂದೆಲ್ಲ ಅದು ಕೇಳುತ್ತದೆ. "ಇದು ಅರೇಂಜ್ಡ್ ಮದುವೆ" ಎಂಬ ಒಂದೇ ವಾಕ್ಯದ ಉತ್ತರ ಏನನ್ನೂ ಹೇಳುವುದಿಲ್ಲ. ಸೋದರತ್ತೆ ಜಾತಕ ತಂದದ್ದು, ಮೊದಲು ಹಿರಿಯರು ಮಾತನಾಡಿದ್ದು, ವಿಡಿಯೋ ಕರೆಯಲ್ಲಿ ಇಬ್ಬರೂ ಕೆಲವು ವಾರ ಪರಸ್ಪರ ಅರಿತುಕೊಂಡದ್ದು, ಹುಡುಗ ರಜೆಯಲ್ಲಿ ಬಂದಾಗ ಹೆಣ್ಣು ನೋಡುವ ಶಾಸ್ತ್ರ, ನಿಶ್ಚಿತಾರ್ಥ, ಧಾರೆ, ಆರತಕ್ಷತೆ, ಮನೆ ತುಂಬಿಸಿಕೊಂಡದ್ದು, ಹೀಗೆ ದಿನಾಂಕ ಮತ್ತು ಊರಿನ ಸಮೇತ ಬರೆದರೆ, ಎರಡು ಕುಟುಂಬಗಳು ತಿಂಗಳುಗಟ್ಟಲೆ ತೊಡಗಿಕೊಂಡ ಸಂಗತಿ ಓದುವವರಿಗೆ ತಾನೇ ಕಾಣುತ್ತದೆ. ಪರಿಚಯದಿಂದ ಮದುವೆಗೆ ಮೂರೇ ವಾರವಾಗಿದ್ದರೆ ಅದನ್ನು ಹಿಗ್ಗಿಸಬೇಡಿ. ರಜೆ ಅಷ್ಟೇ ಇತ್ತು, ನಂತರ ಆಷಾಢ ಬರುತ್ತಿತ್ತು ಎಂಬ ನಿಜವಾದ ಕಾರಣವನ್ನೇ ಬರೆಯಿರಿ. ವಿಧವೆಯ, ವಿಚ್ಛೇದಿತರ, ಅಂತರ್ಜಾತೀಯ ಅಥವಾ ಮನೆಯವರ ವಿರೋಧದ ನಡುವಿನ ಮದುವೆಗಳು ಸರಳವಾಗಿ ದೇವಸ್ಥಾನದಲ್ಲಿ ನಡೆದಿರುತ್ತವೆ. ಜನ ಕಡಿಮೆ ಇದ್ದುದಕ್ಕೆ ಕಾರಣ ಹೇಳಿದರೆ ಸಾಕು, ಸಂಕೋಚ ಬೇಡ.

ಫೋಟೋಗಳು ಸಾವಿರವಿದ್ದರೂ ಇಲಾಖೆಯ ಪಟ್ಟಿ ಕೇಳುವುದು ಹೆಚ್ಚೆಂದರೆ 20. ಸ್ಟುಡಿಯೋದವರು ನಿಲ್ಲಿಸಿ ತೆಗೆದ ಚಿತ್ರಗಳಲ್ಲೇ ಅವನ್ನು ಮುಗಿಸಬೇಡಿ. ಧಾರೆಯ ಒಂದೆರಡು, ಎರಡೂ ಕಡೆಯ ತಂದೆ ತಾಯಿ ಇರುವ ಒಂದು, ಮದುವೆಯ ನಂತರದ ಮೊದಲ ಯುಗಾದಿಯದೋ ಗೌರಿ ಹಬ್ಬದ್ದೋ ಒಂದು, ಪ್ರಾಯೋಜಕರು ಮುಂದೆ ಬಂದುಹೋದ ಪ್ರತಿ ಭೇಟಿಯದ್ದೂ ಒಂದೊಂದು, ಹೀಗೆ ಕಾಲಾನುಕ್ರಮದಲ್ಲಿ ಜೋಡಿಸಿ. ಪ್ರತಿಯೊಂದರ ಕೆಳಗೆ ದಿನಾಂಕ, ಸ್ಥಳ, ಇರುವವರ ಹೆಸರು ಮತ್ತು ನೆಂಟಸ್ತಿಕೆ ಬರೆಯಿರಿ. ವಾಟ್ಸ್‌ಆ್ಯಪ್ ಸಂಭಾಷಣೆಯ ಕೆಲವೇ ಪುಟಗಳು ಸಾಕು. ಕನ್ನಡದಲ್ಲಿದ್ದರೆ ಅವಕ್ಕೂ ಅನುವಾದ ಬೇಕಾಗುವುದರಿಂದ ಬೇರೆ ಬೇರೆ ತಿಂಗಳುಗಳಿಂದ ಆಯ್ದುಕೊಳ್ಳಿ. ವಿಮಾನದ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆಗಳು, ಹಣ ಕಳುಹಿಸಿದ ದಾಖಲೆ, ವಿಮೆ ಅಥವಾ ಪಿಎಫ್ ನಾಮಿನಿ ಬದಲಿಸಿದ ಪತ್ರ, ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಸೇರಿಸಿದ್ದು, ಇವು ಮುದ್ದು ಮಾತುಗಳ ನೂರು ಪುಟಗಳಿಗಿಂತ ತೂಕದವು.

ನಮೂನೆ, ಶುಲ್ಕ, ಸಲ್ಲಿಕೆ

ಪ್ರಾಯೋಜಕರ ಅರ್ಜಿ ಮತ್ತು ಹೊಣೆಪತ್ರ ಐಎಂಎಂ 1344. ಸಂಗಾತಿಯ ಮೂಲ ಅರ್ಜಿ ಐಎಂಎಂ 0008, ಹಿನ್ನೆಲೆಯ ಘೋಷಣೆ ಐಎಂಎಂ 5669, ಕುಟುಂಬದ ವಿವರ ಐಎಂಎಂ 5406, ಯಾವ ದಾಖಲೆ ಇಡಬೇಕೆಂಬ ಪಟ್ಟಿ ಐಎಂಎಂ 5533. ಎಲ್ಲವನ್ನೂ ಇಲಾಖೆಯ ಪಿಆರ್ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಇವುಗಳಲ್ಲಿ ತಾಳ್ಮೆ ಬೇಡುವುದು 5669. ಕಳೆದ 10 ವರ್ಷಗಳ ಬದುಕನ್ನು ಅದರಲ್ಲಿ ಒಂದು ತಿಂಗಳೂ ಬಿಡದೆ ತುಂಬಬೇಕು. ಪದವಿ ಮುಗಿದು ಕೆಲಸ ಸಿಗುವವರೆಗೆ ಮನೆಯಲ್ಲಿದ್ದ ಎಂಟು ತಿಂಗಳು, ಕೆಪಿಎಸ್‌ಸಿ ಪರೀಕ್ಷೆಗೆಂದು ಓದಿದ ವರ್ಷ, ತಾಯಿಯ ಶುಶ್ರೂಷೆಗೆ ಕೆಲಸ ಬಿಟ್ಟ ಅವಧಿ, ಇವನ್ನು ಹಾಗೆಯೇ ಬರೆಯುವುದರಿಂದ ಯಾವ ಹಾನಿಯೂ ಇಲ್ಲ. ಖಾಲಿ ಬಿಟ್ಟರೆ ಅರ್ಜಿ ಅಪೂರ್ಣವೆಂದು ಹಿಂದಿರುಗಬಹುದು. ಮೊದಲ ಮದುವೆಯ ಮಕ್ಕಳಿದ್ದರೆ, ಜೊತೆಗೆ ಬರದಿದ್ದರೂ ಅವರನ್ನು ಘೋಷಿಸಲೇಬೇಕು, ಅವರ ವೈದ್ಯಕೀಯ ಪರೀಕ್ಷೆಯೂ ಆಗಬೇಕು.

2024ರ ಏಪ್ರಿಲ್ 30ರ ಪರಿಷ್ಕರಣೆಯಂತೆ ಪ್ರಾಯೋಜನೆಗೆ 85, ಸಂಗಾತಿಯ ಅರ್ಜಿಗೆ 545, ಕಾಯಂ ನಿವಾಸದ ಹಕ್ಕಿಗೆ 575, ಬಯೋಮೆಟ್ರಿಕ್ಸ್‌ಗೆ 85, ಒಟ್ಟು 1,290 ಕೆನಡಾ ಡಾಲರ್ ಆಗಿತ್ತು. ಪಿಆರ್ ಶುಲ್ಕಗಳು ಎರಡು ವರ್ಷಕ್ಕೊಮ್ಮೆ ಏರುವುದರಿಂದ ಕಟ್ಟುವ ದಿನದ ಮೊತ್ತವನ್ನು ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಅರ್ಜಿ ತಿರಸ್ಕೃತವಾದರೆ ಕಾಯಂ ನಿವಾಸದ ಹಕ್ಕಿನ ಶುಲ್ಕ ಮರಳುತ್ತದೆ. ಸಂಬಳ ಪಡೆದು ನೆರವಾಗುವವರು ಕೆನಡಾದ ವಕೀಲರೋ, ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿತರೋ ಆಗಿರಬೇಕು. ತನ್ನ ಹೆಸರನ್ನು ಅರ್ಜಿಯಲ್ಲಿ ಬರೆಯಬೇಡಿ ಎನ್ನುವ ಏಜೆಂಟರ ಬಳಿ ಸುಳಿಯಬೇಡಿ. ಅವರು ತುಂಬಿದ ಸುಳ್ಳಿಗೂ ಸಹಿ ಹಾಕಿದ ನೀವೇ ಹೊಣೆ, ಅದರ ಶಿಕ್ಷೆ ಕೆನಡಾ ಪ್ರವೇಶಕ್ಕೆ 5 ವರ್ಷಗಳ ನಿಷೇಧ.

ಸಲ್ಲಿಸಿದ ಮೇಲೆ

ಅರ್ಜಿ ಪೂರ್ಣವಾಗಿದ್ದರೆ ಸ್ವೀಕೃತಿ ಪತ್ರ ಬರುತ್ತದೆ, ಅದನ್ನೇ ಎಲ್ಲರೂ ಎಒಆರ್ ಎನ್ನುವುದು. ನಂತರ ಬಯೋಮೆಟ್ರಿಕ್ಸ್ ಪತ್ರ ಬಂದಾಗ 30 ದಿನಗಳೊಳಗೆ ವೀಸಾ ಅರ್ಜಿಗಳ ಕೆಲಸ ನೋಡಿಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಂಥ ಕಡೆ ಬೆರಳಚ್ಚು ಕೊಡಬೇಕು. ವೈದ್ಯಕೀಯ ಪರೀಕ್ಷೆಯನ್ನು ಇಲಾಖೆ ಗುರುತಿಸಿದ ಪ್ಯಾನೆಲ್ ವೈದ್ಯರೇ ಮಾಡಬೇಕು, ಅದರ ಫಲಿತಾಂಶ 12 ತಿಂಗಳು ಚಾಲ್ತಿಯಲ್ಲಿರುತ್ತದೆ. ಮಧುಮೇಹ, ಮೂತ್ರಪಿಂಡದ ತೊಂದರೆಯಂಥ ಖರ್ಚಿನ ಕಾಯಿಲೆಗಳಿವೆಯೆಂದು ಹೆದರಬೇಡಿ. ಆರೋಗ್ಯ ವ್ಯವಸ್ಥೆಗೆ ಹೊರೆಯೆಂಬ ಕಾರಣಕ್ಕೆ ಸಂಗಾತಿಯನ್ನು ನಿರಾಕರಿಸುವಂತಿಲ್ಲ. ಹೊಸ ವಿಳಾಸ, ಹೊಸ ಕೆಲಸ, ಗರ್ಭಧಾರಣೆ, ಮಗುವಿನ ಜನನ, ಎಲ್ಲವನ್ನೂ ಇಲಾಖೆಯ ವೆಬ್‌ಫಾರ್ಮ್ ಮೂಲಕ ಆಗಾಗಲೇ ತಿಳಿಸಬೇಕು. ಪಿಆರ್ ಬರುವ ಮೊದಲು ಹುಟ್ಟಿದ ಮಗುವನ್ನು ಹೇಳದೆ ಬಿಟ್ಟರೆ ಆ ಮಗುವಿಗೂ ಮೇಲೆ ಹೇಳಿದ 117(9)(ಡಿ) ತಗಲುತ್ತದೆ.

ಅಧಿಕಾರಿಗೆ ಸಂಶಯವಿದ್ದರೆ ಸಂದರ್ಶನಕ್ಕೆ ಕರೆಯಬಹುದು ಅಥವಾ ಪ್ರೊಸೀಜರಲ್ ಫೇರ್‌ನೆಸ್ ಪತ್ರ ಕಳುಹಿಸಬಹುದು. ಆ ಪತ್ರವೆಂದರೆ ತಿರಸ್ಕಾರವಲ್ಲ, ಉತ್ತರಿಸಲು ಕೊಟ್ಟ ಅವಕಾಶ. ಅದರಲ್ಲಿ ಎತ್ತಿದ ಪ್ರತಿ ಅಂಶಕ್ಕೂ ದಾಖಲೆಸಹಿತ, ಗಡುವಿನೊಳಗೆ ಉತ್ತರಿಸಿ, ಈ ಹಂತದಲ್ಲಾದರೂ ವಕೀಲರನ್ನು ಕಾಣಿರಿ. ಸಂದರ್ಶನಕ್ಕೆ ಹೋಗುವವರು ಉತ್ತರಗಳನ್ನು ಬಾಯಿಪಾಠ ಮಾಡುವ ಬದಲು ತಾವು ಕೊಟ್ಟ 5532ನ್ನು ಒಮ್ಮೆ ಓದಿಕೊಂಡರೆ ಸಾಕು. ಗಂಡನ ಕೆಲಸದ ಪಾಳಿ, ಅವನ ಜೊತೆ ಮನೆ ಹಂಚಿಕೊಂಡವರು, ಅತ್ತೆ ಮಾವನ ಊರು, ಇಂಥ ದಿನನಿತ್ಯದ ಸಂಗತಿಗಳನ್ನೇ ಕೇಳುವುದು ಹೆಚ್ಚು.

ಒಪ್ಪಿಗೆಯಾದ ಮೇಲೆ ಭಾರತದಲ್ಲಿರುವವರ ಪಾಸ್‌ಪೋರ್ಟಿಗೆ ವೀಸಾ ಮತ್ತು ಕಾಯಂ ನಿವಾಸದ ದೃಢೀಕರಣ ಪತ್ರ ಬರುತ್ತವೆ. ಅದರಲ್ಲಿರುವ ಕೊನೆಯ ದಿನಾಂಕದೊಳಗೆ ಕೆನಡಾ ತಲುಪಲೇಬೇಕು. ಅದು ಬಹುಪಾಲು ವೈದ್ಯಕೀಯ ಪರೀಕ್ಷೆಯ ಅವಧಿಗೆ ಹೊಂದಿಕೊಂಡಿರುವುದರಿಂದ ಮುಂದೂಡುವುದನ್ನು ನೆಚ್ಚಬೇಡಿ. ಪಿಆರ್ ಉಳಿಸಿಕೊಳ್ಳಲು ಪ್ರತಿ 5 ವರ್ಷಗಳಲ್ಲಿ 730 ದಿನ ಕೆನಡಾದಲ್ಲಿರಬೇಕು. ಪೌರರಾದ ಸಂಗಾತಿಯ ಜೊತೆಗೆ ವಿದೇಶದಲ್ಲಿ ಕಳೆದ ದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಪ್ರಾಯೋಜಕರ ಹೊಣೆ ಸಂಗಾತಿಗೆ ಪಿಆರ್ ಬಂದ ದಿನದಿಂದ 3 ವರ್ಷ. ಈ ನಡುವೆ ಬೇರೆಯಾದರೂ, ವಿಚ್ಛೇದನವಾದರೂ, ಪ್ರಾಯೋಜಕರ ಕೆಲಸ ಹೋದರೂ ಅದು ತಪ್ಪುವುದಿಲ್ಲ. ಸಂಗಾತಿ ಸರ್ಕಾರದ ಸೋಷಿಯಲ್ ಅಸಿಸ್ಟೆನ್ಸ್ ಪಡೆದರೆ ಆ ಮೊತ್ತವನ್ನು ಪ್ರಾಯೋಜಕರೇ ತುಂಬಿಕೊಡಬೇಕು. ಹಾಗೆಂದು ಸಂಗಾತಿಯ ಪಿಆರ್ ಪ್ರಾಯೋಜಕರ ಕೈಯಲ್ಲಿಲ್ಲ. ಎರಡು ವರ್ಷ ಒಟ್ಟಿಗೆ ಬಾಳಿದರೆ ಮಾತ್ರ ಪಿಆರ್ ಉಳಿಯುವುದೆಂಬ, 2012ರಲ್ಲಿ ತಂದ ಷರತ್ತನ್ನು 2017ರ ಏಪ್ರಿಲ್‌ನಲ್ಲಿ ತೆಗೆದುಹಾಕಲಾಗಿದೆ. ಆದ್ದರಿಂದ "ಮಾತು ಕೇಳದಿದ್ದರೆ ಪಿಆರ್ ತೆಗೆಸಿ ಊರಿಗೆ ಕಳಿಸುತ್ತೇನೆ" ಎಂಬ ಬೆದರಿಕೆಗೆ ಕಾನೂನಿನ ಬೆಂಬಲವಿಲ್ಲ ಎಂಬುದನ್ನು ಕೆನಡಾಕ್ಕೆ ಹೊರಡುವ ಪ್ರತಿಯೊಬ್ಬ ಹೆಣ್ಣುಮಗಳೂ ತಿಳಿದಿರಬೇಕು. ಪಿಆರ್ ಇನ್ನೂ ಬಾರದೆ ಅಲ್ಲಿರುವಾಗಲೇ ಮನೆಯಲ್ಲಿ ಹಿಂಸೆಗೆ ಒಳಗಾದವರಿಗೆ 2019ರಿಂದ ವಿಶೇಷ ತಾತ್ಕಾಲಿಕ ನಿವಾಸ ಪರವಾನಗಿಯ ವ್ಯವಸ್ಥೆಯಿದ್ದು, ಅದಕ್ಕೆ ಅವರು ಪ್ರಾಯೋಜಕರ ಒಪ್ಪಿಗೆಯಿಲ್ಲದೆ ತಾವೇ ಅರ್ಜಿ ಹಾಕಬಹುದು.